ಮುದಿ ವಾಹನದ ಬೆಲೆ: ಜೇಜುರಿಯ ಹಾದಿಯ ಒಂದು ಚರಿತ್ರೆ

ಪುಷ್ಯಮಾಸದ ಹುಣ್ಣಿಮೆ ಸಮೀಪಿಸಿತೆಂದರೆ, ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಖಂಡೋಬನ ಗುಡ್ಡದ ಅಡಿಯಲ್ಲಿ ನೆಲೆಗೊಂಡಿರುವ ಜೇಜುರಿಯೆಂಬ ಕ್ಷೇತ್ರದಲ್ಲಿ, ದೇವರ ದರ್ಶನಕ್ಕೆ ಬರುವ ಭಕ್ತಸಮೂಹದೊಡನೆ ಇನ್ನೊಂದು ಬಗೆಯ ಜನಸಮೂಹವೂ ಬಂದು ನೆರೆಯುತ್ತದೆ. ಅವರು ಕತ್ತೆಗಳನ್ನು ಮಾರುವವರು ಮತ್ತು ಕೊಳ್ಳುವವರು. ಮಣ್ಣು ಹೊರಿಸುವ ಕುಂಬಾರರು, ಕಲ್ಲು ಮರಳುಗಳನ್ನು ಸಾಗಿಸುವ ಬೇಲದಾರರು, ಊರೂರು ಅಲೆಯುವ ವೈದುಗಳು ಮತ್ತು ಕೋಲ್ಹಾಟಿಗಳು, ಕಾಠೇವಾಡದ ಎತ್ತರದ ಬಲಿಷ್ಠ ಪ್ರಾಣಿಗಳನ್ನು ಹೊಡೆದುಕೊಂಡು ಬರುವ ಗುಜರಾತಿನ ವರ್ತಕರು, ಕರ್ನಾಟಕದ ಉತ್ತರ ಜಿಲ್ಲೆಗಳಿಂದ ಬರುವ ಗಿರಾಕಿಗಳು, ಇವರೆಲ್ಲರೂ ಕೂಡಿ ಗುಡ್ಡದ ಬುಡದ ಬಯಲನ್ನು ಒಂದು ವಿಚಿತ್ರವಾದ ವ್ಯಾಪಾರಸ್ಥಾನವನ್ನಾಗಿ ಮಾಡುತ್ತಾರೆ. ಅಲ್ಲಿ ಮಾರಾಟಕ್ಕೆ ನಿಲ್ಲುವ ಪ್ರಾಣಿಗಳಲ್ಲಿ ಬಹುಪಾಲು ಈಗಾಗಲೇ ಯಾರದೋ ಇಟ್ಟಿಗೆಯನ್ನು ಹೊತ್ತು, ಯಾವುದೋ ಗಡಿಯ ಕಲ್ಲುದಾರಿಯಲ್ಲಿ ಕಾಲು ಸವೆಸಿ, ಯಾವನೋ ಯಜಮಾನನ ದಯೆಯನ್ನೋ ನಿರ್ದಯೆಯನ್ನೋ ಅನುಭವಿಸಿ ಬಂದಂಥವು. ಇನ್ನೊಬ್ಬರು ಬಳಸಿ ಬಿಟ್ಟ ವಾಹನಕ್ಕೆ, ಅದರ ಗತಕಾಲದ ವೃತ್ತಾಂತವೊಂದನ್ನೂ ಕಣ್ಣಾರೆ ಕಾಣದಿರುವ ಅಪರಿಚಿತನು, ಯಾವ ಪ್ರಮಾಣದ ಬಲದಿಂದ ಬೆಲೆ ಕಟ್ಟಬೇಕೆಂಬ ಪ್ರಶ್ನೆ ಮೋಟಾರು ಗಾಡಿಗಳಿಗಿಂತ ಬಹಳ ಹಳೆಯದು. ಹದಿನೈದು ವರ್ಷದ ಸೆಡಾನ್ ಕಾರೊಂದರ ಸುತ್ತ ಮೂರು ಸಲ ಪ್ರದಕ್ಷಿಣೆ ಬಂದು, ಬಾನೆಟ್ ಎತ್ತಿಸಿ, ಏನು ಕೇಳಬೇಕೆಂದು ತೋಚದೆ ನಿಲ್ಲುವ ಇಂದಿನ ಗೃಹಸ್ಥನಿಗೆ ಆ ಬಯಲಿನ ಸಂತೆಯಲ್ಲಿ ಪೂರ್ವಿಕರಿದ್ದಾರೆ.

ಜೇಜುರಿಯು ಕನ್ನಡಿಗರಿಗೆ ಪರಸ್ಥಳವಲ್ಲ. ಹೂವಿನಹಡಗಲಿಯ ಸೀಮೆಯ ಮೈಲಾರದಲ್ಲಿಯೂ, ರಾಣೆಬೆನ್ನೂರ ಬಳಿಯ ದೇವರಗುಡ್ಡದಲ್ಲಿಯೂ, ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲಿಯೂ, ಬೀದರದ ಬಳಿಯ ಖಾನಾಪುರದಲ್ಲಿಯೂ ಮೈಲಾರಲಿಂಗನೆಂದೋ ಮಲ್ಲಯ್ಯನೆಂದೋ ಪೂಜೆಗೊಳ್ಳುವ ದೈವವೇ ಇಲ್ಲಿ ಖಂಡೋಬನಾಗಿ, ಮಲ್ಹಾರಿ ಮಾರ್ತಂಡನಾಗಿ, ಅರಿಸಿನದ ಭಂಡಾರದಲ್ಲಿ ಮಿಂದು ನಿಂತಿದ್ದಾನೆ. ಅಲ್ಲಿನ ಗೊರವಯ್ಯನಿಗೆ ಇಲ್ಲಿನ ವಾಘ್ಯಾ ಸೋದರಪ್ರಾಯನು; ಭಂಡಾರವನ್ನು ಮುಟ್ಟಿ ಆಡಿದ ಮಾತನ್ನು ಮುರಿಯಬಾರದೆಂಬ ನಂಬಿಕೆ ಎರಡು ಕಡೆಗಳಲ್ಲಿಯೂ ಒಂದೇ. ಹೋಳ್ಕರರ ಕುಲದೈವವೂ ಇವನೇ ಆದುದರಿಂದ ಗುಡ್ಡದ ಮೇಲಣ ಕೋಟೆಕೊತ್ತಲಗಳ ಮೇಲೆ ಆ ಮನೆತನದ ಔದಾರ್ಯದ ಮುದ್ರೆಯಿದೆ. ಆದರೆ ಈ ಲೇಖನಕ್ಕೆ ದೇವಾಲಯಕ್ಕಿಂತ ದೇವಾಲಯಕ್ಕೆ ಹೋಗುವ ದಾರಿಯೇ ಮುಖ್ಯ.

ಆ ದಾರಿ ಸುಗಮವಾದುದಲ್ಲ. ಪುಣೆಯ ಹಡಪಸರವನ್ನು ದಾಟಿ ಸಾಸವಡದ ಕಡೆಗೆ ತಿರುಗಿದ ಪಯಣಿಗನಿಗೆ ಮೊದಲು ಎದುರಾಗುವುದು ದಿವೇ ಘಾಟ್. ಕೆಳಗೆ ಮಸ್ತಾನಿಯ ಹೆಸರಿನ ಕೆರೆ. ಮೇಲೆ, ಪೇಶ್ವೆಯರ ಫಿರಂಗಿದಳದ ಅಧಿಪತಿಗಳಾಗಿದ್ದ ಪಾನ್ಸೆ ಮನೆತನದವರು 18ನೆಯ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದ ಮಲ್ಹಾರಗಡ. ಇವೆರಡರ ನಡುವೆ ಬಳುಕಿ ಬಳುಕಿ ಏರುವ ರಸ್ತೆ. ಆಷಾಢದ ಏಕಾದಶಿಗೆಂದು ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರರ ಪಲ್ಲಕ್ಕಿಯ ಬೆಳ್ಳಿಯ ರಥವು ಇದೇ ಘಾಟನ್ನು ಹತ್ತಿ, ಸಾಸವಡದಲ್ಲಿ ತಂಗಿ, ಜೇಜುರಿಗೆ ಬಂದು ಭಂಡಾರದ ಅಭಿಷೇಕವನ್ನು ಪಡೆದು ಮುಂದೆ ಸಾಗುತ್ತದೆ. ನಿತ್ಯದ ಒಂದು ಜೋಡಿ ಎತ್ತುಗಳಿಂದ ಈ ಏರು ಸಾಧ್ಯವಾಗದೆಂಬುದನ್ನು ಬಲ್ಲ ರೈತರು ಘಾಟಿನ ಬುಡದಲ್ಲಿ ಹೆಚ್ಚಿನ ಜೋಡಿಗಳನ್ನು ನೊಗಕ್ಕೆ ಕಟ್ಟಿ ರಥವನ್ನು ಎಳೆಸುವ ಸೇವಾಸಂಪ್ರದಾಯ ಇಂದಿಗೂ ನಡೆದುಬಂದಿದೆ. ಸಮತಲದಲ್ಲಿ ತನ್ನ ದೌರ್ಬಲ್ಯವನ್ನು ಮರೆಮಾಚಿಕೊಂಡು ನಡೆಯುವ ಪ್ರಾಣಿಯಾಗಲಿ ಯಂತ್ರವಾಗಲಿ ಏರಿನಲ್ಲಿ ತನ್ನ ನಿಜಸ್ಥಿತಿಯನ್ನು ಬಯಲುಮಾಡದೆ ಇರದು. ಆದಕಾರಣ ಈ ಘಾಟು ಶತಮಾನಗಳ ಕಾಲ ಪುಣೆಯ ದಕ್ಷಿಣದ ವಾಹನಗಳಿಗೆಲ್ಲ ನಿಷ್ಪಕ್ಷಪಾತಿಯಾದ ಪರೀಕ್ಷಕನಾಗಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಸಂತೆಯ ಬಯಲಿನಲ್ಲಿ ಘಾಟಿಲ್ಲ. ಅಲ್ಲಿ ಪರೀಕ್ಷೆ ನಡೆಯುವುದು ಬಾಯಿಯಲ್ಲಿ. ಕುದುರೆ ಕತ್ತೆಗಳ ಜಾತಿಯಲ್ಲಿ ಮುಂದಿನ ಹಾಲುಹಲ್ಲುಗಳು ಸುಮಾರು ಎರಡೂವರೆ ವರ್ಷದಿಂದ ಮೊದಲುಗೊಂಡು ಜೋಡಿಜೋಡಿಯಾಗಿ ಬಿದ್ದು, ನಾಲ್ಕೂವರೆ ಐದು ವರ್ಷಗಳ ವೇಳೆಗೆ ಸ್ಥಿರದಂತಗಳೆಲ್ಲ ತುಂಬಿಕೊಳ್ಳುತ್ತವೆ. ಆಮೇಲೆ ಹಲ್ಲಿನ ಮೇಲ್ಮೈಯ ಕುಳಿಗಳು ವರ್ಷವರ್ಷಕ್ಕೆ ಸವೆದು ಕಡೆಗೆ ಮಾಯವಾಗುತ್ತವೆ. ಇದನ್ನು ಬಲ್ಲ ಗಿರಾಕಿಯು ಪ್ರಾಣಿಯ ತುಟಿಯನ್ನು ಎತ್ತಿ ನೋಡಿ ವಯಸ್ಸನ್ನು ಹೇಳುವನು. ನಮ್ಮ ಕಡೆಯ ದನದ ಜಾತ್ರೆಗಳಲ್ಲಿಯೂ ಹಾಗೆಯೇ: ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಬಾಯಿಗೂಡಿದ್ದು ಎಂಬ ಕ್ರಮದಲ್ಲಿ ಎತ್ತಿನ ಪ್ರಾಯವೂ ಬೆಲೆಯೂ ಏರಿ ಇಳಿಯುತ್ತವೆ. ಸುಳಿಯ ಲಕ್ಷಣವನ್ನು ನೋಡುವವರುಂಟು, ಗೊರಸನ್ನು ತಟ್ಟಿ ನೋಡುವವರುಂಟು, ಹೆಗಲಿನ ಗಾಯದ ಕಲೆಯನ್ನು ಹುಡುಕುವವರುಂಟು, ಒಂದು ಸುತ್ತು ನಡೆಸಿ ಹಿಂಗಾಲಿನ ಎಳೆತವನ್ನು ಗಮನಿಸುವವರುಂಟು. ಬೆಲೆಯ ಮಾತು ಬಂದಾಗ ದಲ್ಲಾಳಿಯು ವಲ್ಲಿಯ ಮರೆಯಲ್ಲಿ ಇಬ್ಬರ ಬೆರಳುಗಳನ್ನೂ ಒಂದೊಂದಾಗಿ ಹಿಡಿದು, ಮೂರನೆಯವನಿಗೆ ತಿಳಿಯದಂತೆ ವ್ಯವಹಾರವನ್ನು ಕುದುರಿಸುವನು.

ಈ ವಿದ್ಯೆಯು ಬರಿಯ ಬಾಯಿಮಾತಿನದಲ್ಲ. ಕಲ್ಯಾಣದ ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು 12ನೆಯ ಶತಮಾನದ ಮೊದಲ ಪಾದದಲ್ಲಿ ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಅದೇ ಮನೆತನದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಕುದುರೆ ಆನೆಗಳ ಲಕ್ಷಣವೂ ಉಪಚಾರವೂ ರಾಜಯೋಗ್ಯವಾದ ವಿಷಯಗಳಾಗಿ ಸ್ಥಾನ ಪಡೆದಿವೆ. ವಾಹನದ ರೋಗವನ್ನು ತಿಳಿಯುವುದು ಅರಸನಿಗೂ ಅಗಸನಿಗೂ ಸಮಾನವಾಗಿ ಬೇಕಾದ ವಿದ್ಯೆಯೆಂದು ನಮ್ಮವರು ಭಾವಿಸಿದ್ದರು. ವಿದ್ಯೆಯಿದ್ದಲ್ಲಿ ವಂಚನೆಯೂ ಇತ್ತು. ಮುದಿ ಕುದುರೆಯ ಸವೆದ ಹಲ್ಲಿನಲ್ಲಿ ಕಾದ ಕಬ್ಬಿಣದಿಂದ ಸುಳ್ಳು ಕುಳಿಗಳನ್ನು ಸುಟ್ಟು ಕೊರೆದು ಪ್ರಾಯವನ್ನು ಇಳಿಸುವ ಕುಹಕವು ಇಂಗ್ಲೆಂಡಿನ ಕುದುರೆ ವ್ಯಾಪಾರಿಗಳಲ್ಲಿ 18ನೆಯ ಶತಮಾನದಲ್ಲಿ ಕುಖ್ಯಾತವಾಗಿತ್ತು; ಇಂದು ಕಾರಿನ ಓಡೋಮೀಟರನ್ನು ಒಂದು ಲಕ್ಷದ ನಲವತ್ತು ಸಾವಿರದಿಂದ ಅರವತ್ತು ಸಾವಿರಕ್ಕೆ ತಿರುಗಿಸುವ ಕೈಚಳಕವು ಅದರ ನೇರ ಸಂತಾನ. ವಂಚನೆಗೆ ಪ್ರತಿಯಾಗಿ ಸಂತೆಯು ಬೆಳೆಸಿಕೊಂಡ ರಕ್ಷಣೆಗಳು ಎರಡು: ಒಂದು, ನೋಡಬಲ್ಲ ಕಣ್ಣುಗಳು ಸುತ್ತಲೂ ಹೇರಳವಾಗಿರುವುದು, ಇನ್ನೊಂದು, ಅದೇ ದೇವರ ಎದುರಿಗೆ ಮರುವರ್ಷವೂ ಮುಖ ತೋರಿಸಬೇಕಾಗುವುದು. ಮುಂದೆ ಮೋಟಾರಿನ ಕಾಲದಲ್ಲಿ ಮೊದಲನೆಯ ರಕ್ಷಣೆ ಕೆಲಕಾಲ ಉಳಿದು, ಎರಡನೆಯದು ಬಹುಬೇಗ ಅಳಿದುಹೋಯಿತು.

ಮೋಟಾರು ಬರುವುದಕ್ಕೆ ಮುಂಚೆ ರೈಲು ಬಂದಿತು. 19ನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯ ದಾರಿ ಪುಣೆಯನ್ನು ಮೀರಜ ಬೆಳಗಾವಿಗಳೊಡನೆ ಜೋಡಿಸಿದಾಗ ಜೇಜುರಿಯು ಒಂದು ನಿಲ್ದಾಣವಾಯಿತು. ಕನ್ನಡನಾಡಿನ ಒಕ್ಕಲುಗಳು ಬಂಡಿಯನ್ನು ಬಿಟ್ಟು ಗಾಡಿಯನ್ನು ಹಿಡಿದರು. ಅದೇ ಬೆಳಗಾವಿಯಲ್ಲಿ 1888ರಲ್ಲಿ ಬೈಸಿಕಲ್ಲಿನ ಅಂಗಡಿಯನ್ನು ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು, ಬಿಚ್ಚುವುದರಿಂದಲೂ ಜೋಡಿಸುವುದರಿಂದಲೂ ಯಂತ್ರವಿದ್ಯೆಯನ್ನು ಕಲಿತು, ನೇಗಿಲಿನಿಂದ ಎಂಜಿನಿನವರೆಗೆ ಬೆಳೆದ ಉದ್ಯಮಕುಲವೊಂದಕ್ಕೆ ಮೂಲಪುರುಷರಾದರು. ದುರಸ್ತಿಯ ಅಂಗಡಿಯಿಂದ ನಿರ್ಮಾಣದ ಕಾರ್ಖಾನೆ ಹುಟ್ಟಿದ ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಮೋಟಾರಿನ ವಿಷಯದಲ್ಲಿ ಕ್ರಮ ತಿರುಗುಮುರುಗಾಯಿತು. ವಾಹನವು ಹೊರಗಿನಿಂದ ಪೂರ್ಣವಾಗಿ ಬಂದು, ಅದನ್ನು ಬಿಚ್ಚಬಲ್ಲವರು ಆಮೇಲೆ ಹುಟ್ಟಬೇಕಾಯಿತು.

ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆಯಿತು. ಫೋರ್ಡಿನವರು ಅದನ್ನು ಹಿಂಬಾಲಿಸಿದರು. ಜೋಡಿಸುವುದಷ್ಟೇ ಅಲ್ಲ, ತಯಾರಿಸುವುದೂ ಇಲ್ಲಿಯೇ ಆಗಬೇಕೆಂದು ಹಟ ಹಿಡಿದವರಲ್ಲಿ ಅಗ್ರಗಣ್ಯರು ಸರ್ ಎಂ. ವಿಶ್ವೇಶ್ವರಯ್ಯನವರು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು 1883ರಲ್ಲಿ ಉತ್ತೀರ್ಣರಾಗಿ, ಖಡಕವಾಸಲೆಯ ಅಣೆಕಟ್ಟಿಗೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ ಈ ಪ್ರಾಂತ್ಯಕ್ಕೆ ಚಿರಪರಿಚಿತರಾಗಿದ್ದ ಅವರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಯುರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಪರಿಶೀಲಿಸಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದಕ್ಕೆ ಬೆನ್ನಾಸರೆಯಾದವರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದರು. ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿಯೇ ಕಾರಿನ ಕಾರ್ಖಾನೆಯನ್ನು ಕಟ್ಟುವ ಮಾತು ಬಹುದೂರ ಮುಂದುವರಿದಿದ್ದರೂ, ಬ್ರಿಟಿಷ್ ಭಾರತ ಸರ್ಕಾರದ ಪ್ರತಿಕೂಲ ಧೋರಣೆಯಿಂದ ಅದು ಮುರಿದುಬಿದ್ದಿತು. ವಾಲಚಂದರು ಮೈಸೂರಿನ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು ವಿಮಾನದ ಕಾರ್ಖಾನೆಯನ್ನು, 1944ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಸ್ಥಾಪಿಸಿದ್ದು ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಮೋಟಾರಿನ ಕಾರ್ಖಾನೆಯನ್ನು. ಬೆಂಗಳೂರಿನ ಕೈತಪ್ಪಿದ ಆ ಕಾರ್ಖಾನೆಯಿಂದ ಹೊರಟ ಗಾಡಿಗಳೇ ಮುಂದಿನ ಅರ್ಧ ಶತಮಾನ ಜೇಜುರಿಯ ದಾರಿಯಲ್ಲಿ ಏರಿ ಇಳಿದವು.

ಸ್ವಾತಂತ್ರ್ಯಾನಂತರ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಸಂಸ್ಥೆಗಳಿಗೆ ಸರ್ಕಾರದ ಆಶ್ರಯ ತಪ್ಪಿದಾಗ, ಜನರಲ್ ಮೋಟಾರ್ಸಿನವರು 1954ರಲ್ಲಿ ಬಾಗಿಲು ಮುಚ್ಚಿ ತೆರಳಿದರು. ಅವರು ಬಿಟ್ಟುಹೋದ ಷೆವ್ರೊಲೆಗಳೂ, ಅದೇ ಕಾಲದ ಡಾಡ್ಜ್, ಪ್ಲಿಮತ್, ಡಿಸೋಟೋಗಳೂ ಅನಾಥವಾದವೆಂದು ಯಾರೂ ಅತ್ತಂತೆ ಕಾಣದು. ಬಿಡಿಭಾಗ ಸಿಕ್ಕದಿದ್ದರೆ ಲೇತಿನಲ್ಲಿ ಕಡೆಸಿದರು. ಪೆಟ್ರೋಲ್ ಕುಡಿಯುವ ಎಂಟು ಆಳಿನ ಹೊಟ್ಟೆಯ ಎಂಜಿನನ್ನು ಕಿತ್ತು ಅದರ ಜಾಗದಲ್ಲಿ ಪರ್ಕಿನ್ಸ್ ಮುಂತಾದ ಡೀಸೆಲ್ ಎಂಜಿನನ್ನು ಕೂರಿಸಿ, ಯಾತ್ರಾರ್ಥಿಗಳನ್ನು ತುಂಬಿಕೊಂಡು ಬಾಡಿಗೆಗೆ ಓಡಿಸಿದರು. ಮೂಲನಿರ್ಮಾಪಕನು ಊಹಿಸಿಯೂ ಇರದ ಈ ಪುನರ್ಜನ್ಮಗಳು ನಮ್ಮ ದೇಶದ ದುರಸ್ತಿ ಚರಿತ್ರೆಯ ಮೊದಲ ಅಧ್ಯಾಯ.

ಎರಡನೆಯ ಅಧ್ಯಾಯವು ಅಂಬಾಸಡರ್ ಮತ್ತು ಫಿಯಟ್‌ಗಳದು. ಮಾರಿಸ್ ಆಕ್ಸ್‌ಫರ್ಡ್ ಎಂಬ ಆಂಗ್ಲ ಗಾಡಿಯಿಂದ ಮೂಡಿದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಯಿತು. ಕುರ್ಲಾದ ಫಿಯಟ್ 1100 ಎಂಬುದು 1954ರಿಂದ ಮೊದಲಾಗಿ, 70ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ಹೆಸರನ್ನು ತಾಳಿ, ಶತಮಾನದ ತಿರುವಿನವರೆಗೂ ಬಾಳಿತು. ಇಷ್ಟು ದೀರ್ಘಕಾಲ ಮುಖ್ಯ ಅವಯವಗಳು ಬದಲಾಗದೆ ಉಳಿದದ್ದನ್ನು ಆರ್ಥಿಕ ತಜ್ಞರು ಸ್ಪರ್ಧೆಯಿಲ್ಲದ ಮಾರುಕಟ್ಟೆಯ ಜಡತೆಯೆಂದು ನಿಂದಿಸಿದರು; ನಿಂದೆ ಸತ್ಯವೇ. 1959ರ ಆಜ್ಞೆಯಿಂದ ಕಾರುಗಳ ಹಂಚಿಕೆಯೂ, 1969ರಿಂದ ಬೆಲೆಯೂ ನಿಯಂತ್ರಣಕ್ಕೊಳಪಟ್ಟು, ಬೆಲೆಯ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಹೊಸ ಗಾಡಿಗೆ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿದ್ದುದರಿಂದ, ಈ ದಿನವೇ ಕೈಸೇರುವ ಬಳಸಿದ ಗಾಡಿಯು ಕಾಗದದ ಮೇಲಿನ ಹೊಸ ಗಾಡಿಗಿಂತ ದುಬಾರಿಯಾಗುತ್ತಿದ್ದ ವಿಪರೀತವೂ ಆಗ ಸಂಭವಿಸಿತು. ಆದರೆ ಇದೇ ಜಡತೆಯಿಂದ ಇನ್ನೊಂದು ಫಲವೂ ಒದಗಿತು: ಒಂದೇ ಬಗೆಯ ಯಂತ್ರವನ್ನು ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಬಿಚ್ಚಿ ಜೋಡಿಸಿ ಇನ್ನೊಂದು ತಲೆಮಾರಿಗೆ ಕಲಿಸಿದರು, ಪುಣೆಯ ಜುನಾ ಬಜಾರಿನಲ್ಲಿಯೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೂ ಅದರ ಬಿಡಿಭಾಗಗಳು ದಿನಸಿಯೋಪಾದಿಯಲ್ಲಿ ಸಿಗತೊಡಗಿದವು.

ಆ ಗಾಡಿಗಳು ಯಾವ ಯಾವ ರೋಗಗಳನ್ನು ಅನುಭವಿಸಿದವೆಂಬುದಕ್ಕೆ ದಿವೇ ಘಾಟ್ ಒಳ್ಳೆಯ ಪಾಠಶಾಲೆ. ವೈಶಾಖದ ಮಧ್ಯಾಹ್ನದಲ್ಲಿ ಆರು ಜನರನ್ನು ಹೊತ್ತು ಎರಡನೆಯ ಗೇರಿನಲ್ಲಿ ಏರುವ 1,089 ಸಿ.ಸಿ.ಯ ಫಿಯಟ್ ಎಂಜಿನ್ನಿಗೆ ಮೊದಲು ಕೈಕೊಡುತ್ತಿದ್ದುದು ತಂಪಿನ ವ್ಯವಸ್ಥೆ. ಗಡುಸು ನೀರಿನ ಸುಣ್ಣವು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡು ಹಾದಿಯನ್ನು ಮುಚ್ಚುತ್ತಿದ್ದಿತು. ಫ್ಯಾನ್ ಬೆಲ್ಟು ಸಡಿಲಗೊಳ್ಳುತ್ತಿದ್ದಿತು. ನೀರು ಕುದಿದು ಮೇಲೆದ್ದಾಗ, ತಾಳ್ಮೆಯಿಲ್ಲದ ಚಾಲಕನು ಕಾದ ಎಂಜಿನಿಗೆ ತಣ್ಣೀರನ್ನು ಸುರಿದರೆ ಸಿಲಿಂಡರ್ ಹೆಡ್ ಬಾಗಿ, ಗ್ಯಾಸ್ಕೆಟ್ ಸೀಳಿ, ನೀರು ಆಯಿಲಿನೊಡನೆ ಬೆರೆಯುತ್ತಿದ್ದಿತು. ಇದಕ್ಕೆ ಪರಿಹಾರವೆಂದು ಅನೇಕ ಮೆಕ್ಯಾನಿಕ್‌ಗಳು ಥರ್ಮೋಸ್ಟಾಟನ್ನೇ ಕಿತ್ತೆಸೆದರು. ಕುದಿತ ಕಡಿಮೆಯಾದರೂ, ಎಂಜಿನ್ ತಕ್ಕ ಶಾಖಕ್ಕೆ ಬಾರದೆ ತಣ್ಣಗೆ ಓಡುತ್ತ, ಸಿಲಿಂಡರಿನ ಗೋಡೆಗಳು ಮತ್ತಷ್ಟು ಬೇಗ ಸವೆದವು. ಒಂದು ವ್ಯಾಧಿಯ ಚಿಕಿತ್ಸೆ ಇನ್ನೊಂದು ವ್ಯಾಧಿಯ ಬೀಜವಾಗುವ ಇಂಥ ಪ್ರಸಂಗಗಳು ಹಳೆಯ ಗಾಡಿಗಳಲ್ಲಿ ಹೆಜ್ಜೆಹೆಜ್ಜೆಗೂ ಉಂಟು. ಎಂಜಿನಿನ ಮೈಗೇ ಅಂಟಿಕೊಂಡಿದ್ದ ಪೆಟ್ರೋಲ್ ಪಂಪು ಕಾದು, ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ಹರಿವು ನಿಂತುಹೋದಾಗ, ಪಂಪಿನ ಮೇಲೆ ಒದ್ದೆಯ ಬಟ್ಟೆಯನ್ನು ಸುತ್ತಿ, ಪ್ರಯಾಣಿಕರು ಕಟ್ಟೆಯ ಮೇಲೆ ಕುಳಿತು ಕಾಯುವುದು ಘಾಟಿನ ಸಾಮಾನ್ಯ ದೃಶ್ಯವಾಗಿತ್ತು. ಈ ಚಿಕಿತ್ಸೆಗೆ ಕಾಸಿನ ಖರ್ಚಿರಲಿಲ್ಲ.

ಇಳಿತದಲ್ಲಿ ಬೇರೆ ರೋಗಗಳು ತಲೆಯೆತ್ತುತ್ತಿದ್ದವು. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕುಗಳೇ ಇದ್ದ ಆ ಕಾಲದಲ್ಲಿ, ಬ್ರೇಕನ್ನೇ ನಂಬಿ ಇಳಿದವನ ಡ್ರಮ್ಮುಗಳು ಕಾದು ಹಿಡಿತವನ್ನು ಕಳೆದುಕೊಳ್ಳುತ್ತಿದ್ದವು. ಚಕ್ರದ ಸಿಲಿಂಡರಿನ ರಬ್ಬರ್ ಬಟ್ಟಲು ಸವೆದು ಎಣ್ಣೆ ಜಿನುಗುತ್ತಿದ್ದರೆ ಪೆಡಲನ್ನು ಎರಡು ಮೂರು ಸಲ ತುಳಿದ ಮೇಲೆಯೇ ಗಾಡಿ ನಿಲ್ಲುವುದು. ಅಂಬಾಸಡರಿನ ಮುಂಭಾಗದ ತಿರುಗುಗೂಟಗಳಿಗೆ ನಿಯತವಾಗಿ ಗ್ರೀಸ್ ತುಂಬದಿದ್ದರೆ ಅವು ಒಣಗಿ ಸವೆದು, ಸ್ಟೀರಿಂಗ್ ಅಲುಗಾಡತೊಡಗುವುದು. ಗೇರು ತಾನಾಗಿ ಕಳಚುವುದು, ಕ್ಲಚ್ ಜಾರುವುದು, ಪ್ರೊಪೆಲ್ಲರ್ ಶಾಫ್ಟಿನ ಕೀಲು ಕಟಕಟನೆ ನುಡಿಯುವುದು, ಡೈನಮೋ ಸೋತು ಬ್ಯಾಟರಿ ಬರಿದಾಗುವುದು, ಮಳೆಗಾಲದ ಕೆಸರು ನಿಂತು ತಳದ ತಗಡು ತುಕ್ಕುಹಿಡಿದು ಪುಟ್ಟಿಯ ಬಲದಿಂದಲೇ ನಿಲ್ಲುವುದು, ಇವೆಲ್ಲವೂ ವಯಸ್ಸಾದ ಗಾಡಿಯ ಸಹಜ ಲಕ್ಷಣಗಳು. ಇವುಗಳಲ್ಲಿ ತುಕ್ಕು ಅತ್ಯಂತ ಮೋಸಗಾರ. ಬಣ್ಣದ ಕೆಳಗೆ ತಗಡಿದೆಯೋ ಪುಟ್ಟಿಯಿದೆಯೋ ಎಂಬುದನ್ನು ತಿಳಿಯಲು ಬಲ್ಲವನು ಜೇಬಿನಲ್ಲೊಂದು ಅಯಸ್ಕಾಂತವನ್ನು ಇಟ್ಟುಕೊಂಡು ಹೋಗುವನು.

ಬಲ್ಲವನ ಪರೀಕ್ಷಾಕ್ರಮವು ಸಂತೆಯ ಗಿರಾಕಿಯ ಕ್ರಮಕ್ಕೆ ಸ್ವಲ್ಪವೂ ಕಡಿಮೆಯದಲ್ಲ. ಆತನು ಗಾಡಿಯನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸುವನು. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆಯೆಂದೂ, ಕಪ್ಪಾದರೆ ಪೆಟ್ರೋಲ್ ಅತಿಯಾಗುತ್ತಿದೆಯೆಂದೂ, ಬಿಳಿಯಾಗಿಯೇ ಉಳಿದರೆ ನೀರು ಒಳಹೊಕ್ಕಿದೆಯೆಂದೂ ತಿಳಿಯುವನು. ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು, ಅದರ ಒಳಭಾಗದಲ್ಲಿ ನೊರೆಹಾಲಿನ ಬಣ್ಣದ ಲೇಪವಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯಪಡುವನು. ಸಿಲಿಂಡರಿನ ಒತ್ತಡವನ್ನು ಅಳೆದು, ಕಡಿಮೆ ಬಂದರೆ ಒಂದು ಚಮಚ ಆಯಿಲನ್ನು ಒಳಕ್ಕೆ ಬಿಟ್ಟು ಮತ್ತೆ ಅಳೆಯುವನು. ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ಈ ಎರಡರ ನಡುವೆ ಖರ್ಚಿನಲ್ಲಿ ಅಜಗಜಾಂತರ: ವಾಲ್ವಾದರೆ ಹೆಡ್ಡನ್ನು ಮಾತ್ರ ಇಳಿಸಿ ತೀಡಿಸಿದರೆ ಮುಗಿಯಿತು, ರಿಂಗು ಪಿಸ್ಟನ್ನುಗಳಾದರೆ ಎಂಜಿನನ್ನೇ ಕೆಳಗಿಳಿಸಿ ಬೋರ್ ಮಾಡಿಸಬೇಕು. ಬೋರ್ ಮಾಡಿಸಿದಾಗಲೆಲ್ಲ ಸಿಲಿಂಡರು ಅಗಲವಾಗುತ್ತದೆ, ಅದಕ್ಕೆ ಹೊಂದುವ ದೊಡ್ಡ ಅಳತೆಯ ಪಿಸ್ಟನ್ನಿನ ತಲೆಯ ಮೇಲೆ ಆ ಅಳತೆಯ ಅಂಕಿಯನ್ನು ಒತ್ತಿರುತ್ತಾರೆ; 20, 40, 60 ಥೌ (ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು) ಎಂದು ಮುಂದುವರಿದು, ಇನ್ನು ಅಗಲಿಸಲಾಗದೆಂಬ ಹಂತದಲ್ಲಿ ಸ್ಲೀವ್ ಹಾಕಿ ಮತ್ತೆ ಮೊದಲಿನಿಂದ ಆರಂಭ. ಹೆಡ್ಡನ್ನು ಎತ್ತಿದ ಕೂಡಲೇ ಕಣ್ಣಿಗೆ ಬೀಳುವ ಈ ಅಂಕಿಯೇ ಮೋಟಾರು ಗಾಡಿಯ ನಿಜವಾದ ಹಲ್ಲು. ಯಜಮಾನನ ಮಾತು, ದಲ್ಲಾಳಿಯ ಆಣೆ, ಓಡೋಮೀಟರಿನ ಸಂಖ್ಯೆ ಇವೆಲ್ಲವೂ ಸುಳ್ಳಾಗಬಹುದು. ಎಷ್ಟು ಸಲ ಸವೆದು ಎಷ್ಟು ಸಲ ಕೊರೆಯಿಸಿಕೊಂಡಿತೆಂಬ ಲೆಕ್ಕವನ್ನು ಪಿಸ್ಟನ್ ಮರೆಮಾಚಲಾರದು.

ಗಮನಿಸಬೇಕಾದುದೇನೆಂದರೆ, ಆ ಗಾಡಿಗಳು ಇಂದಿನವುಗಳಿಗಿಂತ ಪದೇಪದೇ ಕೆಡುತ್ತಿದ್ದವು. ಆದರೆ ಕೆಟ್ಟದ್ದನ್ನು ಸರಿಪಡಿಸುವ ಖರ್ಚು ಒಡೆಯನನ್ನು ದಿವಾಳಿ ಮಾಡುತ್ತಿರಲಿಲ್ಲ. ಸಾಸವಡದಲ್ಲಿಯೋ ಜೇಜುರಿಯಲ್ಲಿಯೋ ನೀರೆಯಲ್ಲಿಯೋ ಮರದಡಿಯ ಗ್ಯಾರೇಜೊಂದು ಇದ್ದೇ ಇರುವುದು, ಅಲ್ಲಿನವನು ಆ ರೋಗವನ್ನು ಹಿಂದೆ ನೂರಾರು ಸಲ ಕಂಡೇ ಇರುವನು, ಬೇಕಾದ ಭಾಗವು ಅವನ ಪೆಟ್ಟಿಗೆಯಲ್ಲಿಯೋ ಮುಂದಿನ ಊರಿನಲ್ಲಿಯೋ ಸಿಕ್ಕೇ ಸಿಗುವುದು. ಹೀಗಾಗಿ ದುರಸ್ತಿಯ ಬೆಲೆಯನ್ನು ನಿರ್ಣಯಿಸುವುದು ಯಂತ್ರದ ಸವೆತವೊಂದೇ ಅಲ್ಲ. ಆ ಯಂತ್ರವನ್ನು ಬಲ್ಲವರು ದಾರಿಯುದ್ದಕ್ಕೂ ಎಷ್ಟು ಮಂದಿಯಿದ್ದಾರೆಂಬುದು ಅದಕ್ಕಿಂತ ಬಲವಾದ ಕಾರಣ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯು, 2003ರ ಅಕ್ಟೋಬರ್ 29ರಂದು ನೋಂದಣಿಯಾಗಿ, 20 ವರ್ಷದ ಮಿತಿ ತುಂಬಿದ್ದರಿಂದ 2023ರ ಅಕ್ಟೋಬರ್ 30ರಿಂದ ಬೀದಿಯನ್ನು ಬಿಡಬೇಕಾಗಿ ಬಂದಾಗ, ಅದನ್ನು ನಿಲ್ಲಿಸಿದ್ದು ನಿಯಮ. ಗಾಡಿಯನ್ನು ರಿಪೇರಿ ಮಾಡಬಲ್ಲವರು ಆಗಲೂ ಆ ನಗರದಲ್ಲಿದ್ದರು.

ಮೂರನೆಯ ಅಧ್ಯಾಯವು 1990ರ ಬಳಿಕ ತೆರೆಯುತ್ತದೆ. ಮಾರುತಿ 1000, ಎಸ್ಟೀಮ್, ಸಿಯೆಲೋ, ಎಸ್ಕಾರ್ಟ್, ಆಸ್ಟ್ರಾ, ಹೋಂಡಾ ಸಿಟಿ, ಆಕ್ಸೆಂಟ್, ಐಕಾನ್ ಎಂದು ಸೆಡಾನ್‌ಗಳ ಮೆರವಣಿಗೆಯೇ ಹೊರಟಿತು. ಪುಣೆಯ ಪ್ರದೇಶವು ಈ ಮೆರವಣಿಗೆಯ ಮುಖ್ಯ ಬಿಡಾರವಾಯಿತು: ಪಿಂಪ್ರಿಯಲ್ಲಿ ಟಾಟಾದವರು ಇಂಡಿಗೋವನ್ನು, ರಂಜನಗಾವಿನಲ್ಲಿ ಫಿಯಟ್ಟಿನವರು ಲೀನಿಯಾವನ್ನು, ಚಾಕಣದಲ್ಲಿ ಫೋಕ್ಸ್‌ವ್ಯಾಗನ್ನಿನವರು ವೆಂಟೋವನ್ನು ತಯಾರಿಸಿದರು, ಜನರಲ್ ಮೋಟಾರ್ಸ್ ಮರಳಿ ಬಂದು ತಳೇಗಾವಿನಲ್ಲಿ ಕಾರ್ಖಾನೆಯನ್ನು ತೆರೆಯಿತು. ಈ ಗಾಡಿಗಳು ದಿವೇ ಘಾಟನ್ನು ತಂಪುಗಾಳಿಯ ಯಂತ್ರವನ್ನು ನಡೆಸುತ್ತಲೇ ಲೀಲಾಜಾಲವಾಗಿ ಏರಿದವು. ಕಾರ್ಬುರೇಟರಿನ ಬದಲು ಇಂಜೆಕ್ಷನ್, ಡ್ರಮ್ಮಿನ ಬದಲು ಡಿಸ್ಕ್, ಪಾಯಿಂಟುಗಳ ಬದಲು ವಿದ್ಯುನ್ಮಾನದ ನಿಯಂತ್ರಣ. ಹತ್ತು ವರ್ಷಗಳವರೆಗೆ ಕೆಡುವುದೆಂಬುದೇ ಅಪರೂಪ.

ಆದರೆ ಹತ್ತನೆಯ ವರ್ಷದ ಬಳಿಕ ಬರುವ ಮುಪ್ಪು ಬೇರೆ ಸ್ವರೂಪದ್ದು. ರೇಡಿಯೇಟರಿನ ತಲೆ ಬುಡಗಳೀಗ ಹಿತ್ತಾಳೆಯವಲ್ಲ, ಪ್ಲಾಸ್ಟಿಕ್ಕಿನವು. ಬಿರಿದರೆ ಬೆಸುಗೆಗೆ ಒಗ್ಗದೆ ಇಡಿಯಾಗಿ ಬದಲಾಗಬೇಕು. ಟೈಮಿಂಗ್ ಬೆಲ್ಟನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದು ತುಂಡಾಗಿ, ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳು ಡಿಕ್ಕಿಹೊಡೆದು, ಕೆಲವೇ ಸಾವಿರದ ಕೆಲಸವು ಅರ್ಧ ಲಕ್ಷಕ್ಕೂ ಮೀರುವುದು. ಇಂದಿನ ದರದಲ್ಲಿ ಮಧ್ಯಮಗಾತ್ರದ ಪೆಟ್ರೋಲ್ ಸೆಡಾನಿನ ಕ್ಲಚ್ ಬದಲಿಕೆಗೆ ಸಾಮಾನ್ಯವಾಗಿ 8ರಿಂದ 15 ಸಾವಿರ, ತಂಪುಗಾಳಿಯ ಕಂಪ್ರೆಸರಿಗೆ 12ರಿಂದ 25 ಸಾವಿರ, ನಾಲ್ಕು ಟಯರುಗಳಿಗೆ 16 ಸಾವಿರದಿಂದ ಮೇಲೆ, ಎಂಜಿನಿನ ಸಂಪೂರ್ಣ ಪುನರುಜ್ಜೀವನಕ್ಕೆ 40 ಸಾವಿರದಿಂದ ಲಕ್ಷದ ಆಚೆಗೆ ತಗಲುತ್ತದೆ. ಜೋಡಿ ಕ್ಲಚ್ಚಿನ ಸ್ವಯಂಚಾಲಿತ ಗೇರುಪೆಟ್ಟಿಗೆಯ ನಿಯಂತ್ರಣಘಟಕವು ಕೆಟ್ಟರೆ ಅದೊಂದಕ್ಕೇ ಲಕ್ಷಕ್ಕೂ ಮೀರಿದ ಖರ್ಚು ಬಂದು, ಗಾಡಿಯ ಮಾರುಬೆಲೆಯ ಅರ್ಧಭಾಗವನ್ನು ನುಂಗಿಹಾಕುವುದುಂಟು. ದೋಷವನ್ನು ಕಂಡುಹಿಡಿಯಲು ಹೊಗೆಯ ಬಣ್ಣವೂ ಕಿವಿಯ ಸೂಕ್ಷ್ಮವೂ ಸಾಲವು. ಸ್ಕ್ಯಾನರ್ ಬೇಕು, ಸ್ಕ್ಯಾನರಿನ ಭಾಷೆ ಬಲ್ಲವನೂ ಬೇಕು. ಅದು ಹೇಳುವುದಾದರೂ ಎಲ್ಲಿ ನೋವಿದೆಯೆಂಬುದನ್ನು ಮಾತ್ರ. ಕಾರಣವನ್ನು ಮನುಷ್ಯನೇ ಹುಡುಕಬೇಕು.

ಇದಕ್ಕಿಂತಲೂ ಮುಖ್ಯವಾದ ವ್ಯತ್ಯಾಸವಿನ್ನೊಂದು. ಹಿಂದೆ ಎರಡೇ ಬಗೆಯ ಗಾಡಿಗಳು ನಲವತ್ತು ವರ್ಷ ಬಾಳಿದರೆ, ಈಗ ನಲವತ್ತು ಬಗೆಯ ಗಾಡಿಗಳು ಹತ್ತು ವರ್ಷವೂ ಬಾಳವು. ದೇವೂ ಸಂಸ್ಥೆಯು ಅಳಿಯಿತು. ಕಲ್ಯಾಣದಲ್ಲಿ ಪ್ರೀಮಿಯರಿನವರೊಡನೆ ಕೂಡಿದ ಪೆಜೋ ಕೆಲವೇ ವರ್ಷಗಳಲ್ಲಿ ಬಿಟ್ಟುಹೋಯಿತು. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿನ ಮಾರಾಟವನ್ನು ನಿಲ್ಲಿಸಿ ಎರಡನೆಯ ಬಾರಿ ಗಂಟುಮೂಟೆ ಕಟ್ಟಿತು. ಫೋರ್ಡ್ 2021ರಲ್ಲಿ ತಯಾರಿಕೆಯ ಸಮಾಪ್ತಿಯನ್ನು ಸಾರಿತು. 1954ರಲ್ಲಿ ತೆರಳಿದ ಸಂಸ್ಥೆಯ ಗಾಡಿಯನ್ನು ಲೇತಿನವನು ಸಲಹಿದನು. 2017ರಲ್ಲಿ ತೆರಳಿದ ಸಂಸ್ಥೆಯ ಗಾಡಿಯ ನಿಯಂತ್ರಣಘಟಕವನ್ನು ಯಾವ ಲೇತಿನಲ್ಲಿ ಕಡೆಸುವುದು? ಆದುದರಿಂದಲೇ ಸುಸ್ಥಿತಿಯಲ್ಲಿರುವ, ಕಡಮೆ ಓಡಿದ, ನೋಡಲು ಸೊಗಸಾದ ಸೆಡಾನೊಂದು ಅತ್ಯಲ್ಪ ಬೆಲೆಗೆ ಮಾರಾಟಕ್ಕೆ ನಿಂತಿದ್ದರೆ, ಅದರ ಸೋವಿತನವು ಲೋಹದ ದೋಷದಿಂದ ಬಂದದ್ದಾಗಿರಬೇಕಾಗಿಲ್ಲ. ಬಂಧುಬಳಗ ತೀರಿಹೋದದ್ದರ ಸೂಚನೆಯಾಗಿರಬಹುದು.

ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು 1970ರಲ್ಲಿ ಬಳಸಿದ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧವನ್ನು ಬರೆದನು: ಮಾರುವವನಿಗೆ ಗಾಡಿಯ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಗೊತ್ತಿಲ್ಲದವನು ಸರಾಸರಿ ಬೆಲೆಗಿಂತ ಹೆಚ್ಚು ಕೊಡಲೊಲ್ಲ, ಒಳ್ಳೆಯ ಗಾಡಿಯುಳ್ಳವನು ಆ ಬೆಲೆಗೆ ಮಾರಲೊಲ್ಲ, ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟವುಗಳೇ. ಆತನಿಗೆ 2001ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ವಿಚಾರಸರಣಿಯ ಮೂಲ ಇದು. ಜೇಜುರಿಯ ಬಯಲಿನಲ್ಲಿ ತುಟಿಯೆತ್ತಿ ಹಲ್ಲು ನೋಡುವ ಬೇಲದಾರನಿಗೆ ಈ ಸಿದ್ಧಾಂತ ಹೊಸದೆನಿಸಲಾರದು. ಹಲ್ಲನ್ನು ಓದಬಲ್ಲ ಕಣ್ಣು, ಭಂಡಾರದ ಭಯ, ಮರುವರ್ಷದ ಭೇಟಿ ಇವೆಲ್ಲವೂ ಆ ಅಸಮಾನವಾದ ತಿಳಿವಳಿಕೆಯ ಕಂದಕವನ್ನು ಕಿರಿದುಮಾಡುವ ಸಾಧನಗಳೇ ಆಗಿದ್ದವು.

ಇಂದಿನ ಸರ್ಕಾರವು ವಾಹನದ ವಯಸ್ಸನ್ನು ಪಂಚಾಂಗದಿಂದ ಅಳೆಯುತ್ತದೆ. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳಿಗೆ ಸಲ್ಲುತ್ತದೆ; ಆಮೇಲೆ ಪರೀಕ್ಷೆಗೊಡ್ಡಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು; 600 ರೂಪಾಯಿಯಿದ್ದ ಆ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಯಿತು. ಹಳೆಯ ಗಾಡಿಯ ಹೊಗೆಯಿಂದ ಊರಿಗಾಗುವ ಹಾನಿ ಸುಳ್ಳಲ್ಲವಾದುದರಿಂದ ಇದನ್ನು ಸಂಪೂರ್ಣ ಅನ್ಯಾಯವೆನ್ನಲಾಗದು. ಆದರೆ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿ ಕಾಲಕಾಲಕ್ಕೆ ಉಪಚಾರ ಪಡೆದ ಗಾಡಿಗೂ, ಬಾಡಿಗೆಗೆ ಅರವತ್ತು ಸಾವಿರ ಓಡಿ ಬಳಲಿದ ಗಾಡಿಗೂ ಪಂಚಾಂಗವು ಒಂದೇ ವಯಸ್ಸನ್ನು ಹೇಳುತ್ತದೆ. ನೋಂದಣಿಯ ಪತ್ರದಲ್ಲಿ ಎಷ್ಟನೆಯ ಒಡೆಯನೆಂಬುದು ಉಂಟು, ಯಾವ ರೋಗಕ್ಕೆ ಯಾವಾಗ ಯಾವ ಚಿಕಿತ್ಸೆಯಾಯಿತೆಂಬುದಿಲ್ಲ. ಆ ವೃತ್ತಾಂತವು ಮಾರಾಟಗಾರ ಸಂಸ್ಥೆಯ ಗಣಕದಲ್ಲಿಯೋ, ಹಳೆಯ ಒಡೆಯನ ಮನೆಯ ರಸೀದಿಗಳ ಕಟ್ಟಿನಲ್ಲಿಯೋ ಉಳಿದು, ಕೊಳ್ಳುವವನ ಕೈಗೆ ಬರುವುದು ಅಪರೂಪ.

ಕತ್ತೆಯ ಸಂತೆಯಿಂದ ಕಾರಿನ ಪೇಟೆಯವರೆಗಿನ ಈ ಚರಿತ್ರೆಯು ಕೊಳ್ಳುವವನಿಗೆ ತಿಳಿಸುವ ನೀತಿಯನ್ನು ಸಂಗ್ರಹಿಸುವುದು ಕಷ್ಟವಲ್ಲ. ಮುದಿ ವಾಹನದ ಬೆಲೆಯನ್ನು ವಿಚಾರಿಸುವ ಮೊದಲು ಅದನ್ನು ಬಲ್ಲ ಮೆಕ್ಯಾನಿಕ್ ತನ್ನ ಊರಿನಲ್ಲಿದ್ದಾನೆಯೇ ಎಂಬುದನ್ನೂ, ಅದರ ಬಿಡಿಭಾಗಗಳು ಇನ್ನೈದು ವರ್ಷ ಸಿಕ್ಕುವುವೇ ಎಂಬುದನ್ನೂ, ಅದಕ್ಕೆ ಮಾಡಿದ ಖರ್ಚಿನ ರಸೀದಿಗಳನ್ನು ಮಾರುವವನು ತೋರಿಸಬಲ್ಲನೇ ಎಂಬುದನ್ನೂ ವಿಚಾರಿಸತಕ್ಕದ್ದು. ಮೂರರಲ್ಲಿ ಎರಡಕ್ಕೆ ಇಲ್ಲವೆಂಬ ಉತ್ತರ ಬಂದರೆ ಗಾಡಿಯನ್ನು ಧರ್ಮಕ್ಕೆ ಕೊಟ್ಟರೂ ಅದು ದುಬಾರಿಯೇ. ಆಳುವವರಿಗೆ ಹೇಳಬೇಕಾದುದು ಬೇರೆ: ವಯಸ್ಸಾದ ವಾಹನಕ್ಕೆ ಶುಲ್ಕವನ್ನು ಏರಿಸುವುದು ಸುಲಭ, ದೇಶವನ್ನು ಬಿಟ್ಟುಹೋಗುವ ನಿರ್ಮಾಪಕನು ತನ್ನ ಯಂತ್ರದ ರಹಸ್ಯಗಳನ್ನೂ ಬಿಡಿಭಾಗಗಳ ನಕಾಶೆಗಳನ್ನೂ ಇಲ್ಲಿನ ಕುಶಲಕರ್ಮಿಗಳಿಗೆ ಒಪ್ಪಿಸಿಹೋಗಬೇಕೆಂದು ಕಟ್ಟುಪಾಡು ಮಾಡುವುದು ಕಷ್ಟ, ಆದರೆ ಜೇಜುರಿಯ ಹಾದಿಯ ಮರದಡಿಯ ಗ್ಯಾರೇಜುಗಳು ಮತ್ತೆ ನೂರು ಬಗೆಯ ಗಾಡಿಗಳನ್ನು ಅಗ್ಗದಲ್ಲಿ ಬದುಕಿಸಬೇಕಾದರೆ ಆ ಎರಡನೆಯ ಕೆಲಸವಾಗದೆ ಅನ್ಯಮಾರ್ಗವಿಲ್ಲ.